ಮಂಡಿ ಸವೆತಕ್ಕೆ ಇಮ್ಯೂನ್ ಸೆಲ್ ಚಿಕಿತ್ಸೆ: ಆ ಸೀಸೆಯಲ್ಲಿ ಇರೋದೇನು?

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಟೊಮೇಟೊ ರೇಟು, ರೇಷ್ಮೆಗೂಡಿನ ರೇಟಿನ ನಡುವೆ ಮಂಡಿ ನೋವಿನ ವಿಡಿಯೋಗಳೂ ಓಡಾಡುತ್ತಿವೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಾತು. ನಿಮ್ಮ ರಕ್ತದಿಂದಲೇ ರೋಗನಿರೋಧಕ ಕೋಶ ತೆಗೆಯುತ್ತೇವೆ, ಲ್ಯಾಬಿನಲ್ಲಿ ಬೆಳೆಸುತ್ತೇವೆ, ಮಂಡಿಗೆ ಬಿಡುತ್ತೇವೆ, ಆಪರೇಷನ್ ಬೇಡ, ಸವೆದಿದ್ದು ಮತ್ತೆ ಬೆಳೆಯುತ್ತೆ. ನೋಡಿದವರು ಕೇಳುವುದೂ ಒಂದೇ ಪ್ರಶ್ನೆ. ಇದು ನಿಜಾನಾ, ಇಲ್ಲ ಸುಮ್ನೆ ದುಡ್ಡು ಕೀಳೋ ದಾರೀನಾ?

ಅರ್ಧ ನಿಜ. ಮಂಡಿ ಸವೆತದಲ್ಲಿ ರೋಗನಿರೋಧಕ ಕೋಶಗಳ ಕೈವಾಡ ಇದೆ, ಅದರಲ್ಲಿ ಅನುಮಾನ ಬೇಡ. ಆ ಕೋಶಗಳನ್ನೇ ತಿದ್ದಿ ಔಷಧಿ ಮಾಡಬಹುದು ಅನ್ನುವ ಯೋಚನೆಯೂ ಗಟ್ಟಿಯಾದದ್ದೇ. ಆದರೆ ಆ ಯೋಚನೆ ಇನ್ನೂ ಲ್ಯಾಬಿನಿಂದ ನಮ್ಮ ಮಂಡಿಯವರೆಗೆ ಬಂದಿಲ್ಲ. ವಿಡಿಯೋದವರು ಸೀಸೆಯ ಮೇಲೆ ಬರೆದ ಹೆಸರು ಒಂದಿರಬಹುದು, ಒಳಗಿರೋದು ಬೇರೆ ಇರಬಹುದು. ಅದನ್ನು ಅರ್ಥ ಮಾಡಿಕೊಳ್ಳೋಕೆ ಮೊದಲು ಮಂಡಿಯೊಳಗೆ ಏನಾಗುತ್ತೆ ಅಂತ ನೋಡಬೇಕು.

ನಮ್ಮ ಅತ್ತೆಯ ಊರು ಶಿಡ್ಲಘಟ್ಟದ ಹತ್ತಿರ. ಎರಡು ಸೀಮೆ ಹಸು, ಒಂದು ಹುಳುಮನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕೋ ಮೊದಲು ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯಬೇಕು. ಆಮೇಲೆ ಹಿಪ್ಪುನೇರಳೆ ತೋಟ. ಮಹಡಿ ಮೆಟ್ಟಿಲು ಇಳಿಯುವಾಗ ಗೋಡೆಗೆ ಕೈ ಕೊಟ್ಟು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅವರ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದರೆ ಎರಡು ಮೂಳೆಗಳ ನಡುವಿನ ಸಂದು ಎಡಮಂಡಿಯಲ್ಲಿ ಜಾಸ್ತಿ ಕಿರಿದಾಗಿದೆ. ನೋವು ಮಾತ್ರ ಬಲಮಂಡಿಯಲ್ಲಿ. "ಫಿಲ್ಮ್ ಉಲ್ಟಾ ಹಿಡಿದಿದ್ದೀಯ ನೋಡು" ಅಂದರು. ಉಲ್ಟಾ ಏನೂ ಇರಲಿಲ್ಲ, ಮೂಲೆಯಲ್ಲಿ ಗುರುತು ಸರಿಯಾಗೇ ಇತ್ತು.

ಇದು ಅಪರೂಪದ ಸಂಗತಿ ಅಲ್ಲ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಕ್ಕೆ ಬರುವ ನೋವಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. "ಮೂಳೆ ಸವೆದಿದೆ" ಅಂತ ನಾವು ಹೇಳುತ್ತೇವಲ್ಲ, ಸವೆಯಲು ಶುರುವಾಗೋದು ಮೂಳೆಯಲ್ಲ. ಮೂಳೆಯ ತುದಿಗೆ ಹಾಸಿಕೊಂಡಿರುವ ನುಣುಪಾದ ಕಾರ್ಟಿಲೇಜ್, ಶಾಲೆಯ ಪುಸ್ತಕದ ಮೃದ್ವಸ್ಥಿ. ಮಂಡಿಯಲ್ಲಿ ಇದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ಇದರಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ಬಹುಪಾಲು ನೀರು, ಅದನ್ನು ಹಿಡಿದಿಟ್ಟುಕೊಳ್ಳುವ ಕಾಲಜನ್ ಬಲೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ರಕ್ತ ಬರದ ಜಾಗ ಆದ್ದರಿಂದ ಗಾಯವಾದರೆ ಚರ್ಮದ ಹಾಗೆ ಕೂಡಿಕೊಳ್ಳುವುದಿಲ್ಲ. ನರ ಇಲ್ಲದ್ದರಿಂದ ಸವೆಯುವಾಗ ನೋಯುವುದೂ ಇಲ್ಲ.

ಹಾಗಾದರೆ ನೋಯೋದು ಯಾವುದು? ಕಾರ್ಟಿಲೇಜಿನ ಕೆಳಗಿನ ಮೂಳೆ ನೋಯುತ್ತೆ. ಮೂಳೆಗೆ ಮೂಳೆ ಬಿಗಿದಿರುವ ಸುತ್ತಲಿನ ಕಟ್ಟು, ಸ್ನಾಯು ನೋಯುತ್ತವೆ. ಮುಖ್ಯವಾಗಿ ಕೀಲಿನ ಒಳಗೋಡೆಯ ತೆಳು ಪೊರೆ ನೋಯುತ್ತೆ. ಸೈನೋವಿಯಂ ಅನ್ನುವ ಈ ಪೊರೆಯೇ ಕೀಲಿಗೆ ಬೇಕಾದ ಜಾರುದ್ರವ ತಯಾರಿಸುವುದು. ಆರೋಗ್ಯವಾಗಿದ್ದಾಗ ಅದರ ಒಳಪದರ ಒಂದೆರಡು ಕೋಶದಷ್ಟು ದಪ್ಪ ಇರುತ್ತೆ. ಆ ಪದರದಲ್ಲೇ ಇವತ್ತಿನ ಕಥಾನಾಯಕ ಕೂತಿದ್ದಾನೆ: ಮ್ಯಾಕ್ರೋಫೇಜ್.

ಮ್ಯಾಕ್ರೋಫೇಜ್ ಅಂದರೆ ಕಸ ತಿನ್ನುವ ರೋಗನಿರೋಧಕ ಕೋಶ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ರಾತ್ರಿ ಹಾಗೇ ಬಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ದೇಹಕ್ಕೆ ತನ್ನದೇ ಕಾವಲು ಪಡೆ ಇದೆ ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಕೀಲಿನೊಳಗಿನ ಮ್ಯಾಕ್ರೋಫೇಜ್ ಹೀಗೇ ಕಾವಲು ಕಾಯುತ್ತವೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 2019ರಲ್ಲಿ ಜರ್ಮನಿಯ ಎರ್ಲಾಂಗನ್ ತಂಡ ಇಲಿಗಳ ಕೀಲಿನಲ್ಲಿ ಇನ್ನೊಂದು ಸಂಗತಿ ಕಂಡಿತು. ಒಂದು ಜಾತಿಯ ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು, ಕೀಲಿನ ಒಳಜಾಗದ ಸುತ್ತ ಒಂದು ತಡೆ ಕಟ್ಟಿರುತ್ತವೆ. ಉರಿಯೂತ ಒಳಗೆ ನುಗ್ಗದ ಹಾಗೆ ಕಾಯುವ ತಡೆ.

ಮಂಡಿ ಸವೆತದಲ್ಲಿ ಆಗೋದನ್ನು ನಮ್ಮ ಹಳೇ ಗಾದೆ ಚೆನ್ನಾಗಿ ಹೇಳುತ್ತೆ: ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಹಳೆಯ ಪೆಟ್ಟು, ತೂಕ, ವಯಸ್ಸು, ಕಾಲಿನ ಸೊಟ್ಟ, ಯಾವುದೋ ಒಂದು ಕಾರಣದಿಂದ ಕಾರ್ಟಿಲೇಜಿನ ಚೂರುಗಳು ಉದುರುತ್ತವೆ. ಮ್ಯಾಕ್ರೋಫೇಜ್ ಆ ಚೂರು ತಿನ್ನಲು ಬರುತ್ತೆ. ಅದು ಅದರ ಕೆಲಸ. ಆದರೆ ಚೂರು ಬೀಳುತ್ತಲೇ ಇದ್ದರೆ ಅದು ಎಚ್ಚರಿಕೆ ಕೂಗು ಹಾಕುತ್ತೆ. ಐಎಲ್-1, ಟಿಎನ್‌ಎಫ್ ಎಂಬ ರಾಸಾಯನಿಕಗಳೇ ಆ ಕೂಗು. ಇವು ಕಾರ್ಟಿಲೇಜಿನ ಕೋಶಗಳಿಗೆ ತಾಗಿದಾಗ ಆ ಕೋಶಗಳು ತಮ್ಮ ಸುತ್ತಲಿನ ಬಲೆಯನ್ನೇ ಕತ್ತರಿಸುವ ಕಿಣ್ವ ಬಿಡುತ್ತವೆ. ಬಲೆ ಹರಿಯುತ್ತೆ, ಇನ್ನಷ್ಟು ಚೂರು ಬೀಳುತ್ತೆ, ಇನ್ನಷ್ಟು ಮ್ಯಾಕ್ರೋಫೇಜ್ ಬರುತ್ತೆ. ಪೊರೆ ದಪ್ಪವಾಗುತ್ತೆ, ಮಂಡಿ ಊದುತ್ತೆ, ನೀರು ತುಂಬಿಕೊಳ್ಳುತ್ತೆ.

ಇದು ಬರೀ ಊಹೆ ಅಲ್ಲ. 2016ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಕೆರಳಿದ ಮ್ಯಾಕ್ರೋಫೇಜ್‌ಗೆ ಮಾತ್ರ ಅಂಟಿಕೊಳ್ಳುವ ವಿಕಿರಣಸೂಚಕವನ್ನು ರೋಗಿಗಳಿಗೆ ಕೊಟ್ಟು ಸ್ಕ್ಯಾನ್ ಮಾಡಿದರು. ಸವೆತ ಇದ್ದ ಮಂಡಿಗಳಲ್ಲಿ ಶೇ. 76ರಲ್ಲಿ ಅದು ಬೆಳಗಿತು. ಉಳಿದ ಮಂಡಿಗಳಲ್ಲಿ ಬೆಳಗಲಿಲ್ಲ. ಅಂದರೆ ಎಲ್ಲ ಸವೆತವೂ ಒಂದೇ ಥರ ಅಲ್ಲ. ಯಾರ ಮಂಡಿಯಲ್ಲಿ ಈ ಕೋಶಗಳು ಕೆರಳಿವೆಯೋ ಅವರಿಗೆ ಮಾತ್ರ ಅವುಗಳನ್ನು ತಣ್ಣಗೆ ಮಾಡುವ ಚಿಕಿತ್ಸೆಯಿಂದ ಉಪಯೋಗ ಆಗಬಹುದು. ವಿಡಿಯೋದಲ್ಲಿ ಈ ಮಾತು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಷ್ಟು ಗೊತ್ತಾದ ಮೇಲೆ ಯಾರಿಗಾದರೂ ಹೊಳೆಯುವ ಉಪಾಯ: ಆ ಕೂಗನ್ನೇ ನಿಲ್ಲಿಸಿದರೆ? ಆಮವಾತದಲ್ಲಿ, ಅಂದರೆ ರುಮಟಾಯ್ಡ್ ಸಂಧಿವಾತದಲ್ಲಿ, ಇದು ಅದ್ಭುತವಾಗಿ ಕೆಲಸ ಮಾಡಿದೆ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗಳು ಬಂದ ಮೇಲೆ ಎಷ್ಟೋ ಜನರ ಬೆರಳು ಸೊಟ್ಟಗಾಗುವುದು ತಪ್ಪಿತು. ಅದೇ ಔಷಧಿಗಳನ್ನು ಸವೆತಕ್ಕೂ ಕೊಟ್ಟು ನೋಡಿದರು. ಐಎಲ್-1 ತಡೆಯುವ ಅನಾಕಿನ್ರಾವನ್ನು ನೇರ ಮಂಡಿಗೇ ಚುಚ್ಚಿದರು, ಉಪ್ಪುನೀರಿಗಿಂತ ಹೆಚ್ಚೇನೂ ಆಗಲಿಲ್ಲ. ಬೆರಳಿನ ಕೀಲು ಸವೆತಕ್ಕೆ ಅಡಾಲಿಮುಮ್ಯಾಬ್ ಕೊಟ್ಟರು, ಅದೂ ಕೈಕೊಟ್ಟಿತು.

ಆಮೇಲೆ ಒಂದು ತಮಾಷೆ ನಡೆಯಿತು. ಹೃದಯಾಘಾತ ಆದವರಿಗೆ ಐಎಲ್-1 ತಡೆಯುವ ಕೆನಾಕಿನುಮ್ಯಾಬ್ ಕೊಟ್ಟು ನೋಡಿದ ಒಂದು ದೊಡ್ಡ ಪ್ರಯೋಗ ಇತ್ತು, ಹತ್ತು ಸಾವಿರಕ್ಕೂ ಹೆಚ್ಚು ಜನರದ್ದು. ಅದರ ಲೆಕ್ಕವನ್ನು 2020ರಲ್ಲಿ ಮತ್ತೆ ತೆಗೆದು ನೋಡಿದಾಗ, ಔಷಧಿ ಪಡೆದವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಸುಮಾರು ಶೇ. 40ರಷ್ಟು ಕಮ್ಮಿ ಇದ್ದರು. ಯಾರೂ ಮಂಡಿಗಾಗಿ ಮಾಡಿದ ಪ್ರಯೋಗ ಅಲ್ಲ ಅದು, ಹಾಗಾಗಿ ಸಾಬೀತಾಯಿತು ಅನ್ನುವ ಹಾಗಿಲ್ಲ. ಆದರೆ ಸೂಚನೆ ದೊಡ್ಡದು. ನೋವು ಬಂದ ಮೇಲೆ ಒಂದೆರಡು ಇಂಜೆಕ್ಷನ್ ಕೊಟ್ಟರೆ ಆಗದ ಕೆಲಸ, ವರ್ಷಗಟ್ಟಲೆ ಉರಿಯೂತ ತಗ್ಗಿಸಿಟ್ಟರೆ ಆಗುತ್ತೇನೋ.

ಕೋಶ ಚಿಕಿತ್ಸೆಯ ಆಸೆ ಹುಟ್ಟುವುದು ಇಲ್ಲೇ. ಔಷಧಿ ಒಂದು ಕೂಗನ್ನು ಮಾತ್ರ ತಡೆಯುತ್ತೆ. ಜೀವಂತ ಕೋಶ ಸುತ್ತಮುತ್ತ ನೋಡಿಕೊಂಡು, ಹತ್ತಾರು ರಾಸಾಯನಿಕ ಬೇಕಾದಷ್ಟೇ ಬಿಟ್ಟು, ಬೇರೆ ಕೋಶಗಳ ಸ್ವಭಾವವನ್ನೇ ಬದಲಿಸಬಲ್ಲದು. ಮ್ಯಾಕ್ರೋಫೇಜ್‌ಗೂ ಎರಡು ಮುಖ ಇವೆ. ಜಗಳಕ್ಕೆ ನಿಂತ ಮುಖ ಒಂದು, ರಿಪೇರಿಗೆ ಇಳಿದ ಮುಖ ಇನ್ನೊಂದು. ನಿಜದಲ್ಲಿ ಮುಖಗಳು ಎರಡೇ ಅಲ್ಲ, ಹತ್ತಾರು ಇವೆ. ಆದರೆ ಲೇಖನಕ್ಕೆ ಎರಡು ಸಾಕು. ರಕ್ತದ ಬಿಳಿಕಣಗಳಲ್ಲಿ ಮಾನೊಸೈಟ್ ಅನ್ನುವವು ಬೆಳೆದು ಮ್ಯಾಕ್ರೋಫೇಜ್ ಆಗಬಲ್ಲವು. ರೋಗಿಯ ರಕ್ತವನ್ನು ಒಂದು ಯಂತ್ರದ ಮೂಲಕ ಹಾಯಿಸಿ ಬಿಳಿಕಣ ಬೇರ್ಪಡಿಸಿ, ಉಳಿದ ರಕ್ತವನ್ನು ಅವರಿಗೇ ವಾಪಸ್ ಕೊಡಬಹುದು. ಮಾನೊಸೈಟನ್ನು ಲ್ಯಾಬಿನಲ್ಲಿ ವಾರದಷ್ಟು ಕಾಲ ಸಾಕಿ, ರಿಪೇರಿ ಮುಖಕ್ಕೆ ತಿರುಗಿಸಿ, ವಾಪಸ್ ಬಿಡಬಹುದು.

ಇದು ಕನಸೇನಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಲಿವರ್ ಸಿರೋಸಿಸ್ ಇದ್ದವರಿಗೆ ಅವರದ್ದೇ ಮ್ಯಾಕ್ರೋಫೇಜ್ ಬೆಳೆಸಿ ಕೊಟ್ಟಿದ್ದಾರೆ. 2019ರಲ್ಲಿ ಬಂದ ಮೊದಲ ವರದಿಯಲ್ಲಿ ಒಂಬತ್ತು ರೋಗಿಗಳಿದ್ದರು, ಅಪಾಯ ಕಾಣಲಿಲ್ಲ. ಇದು ಲಿವರಿನ ಕಥೆ, ಮಂಡಿಯದ್ದಲ್ಲ. ಮಂಡಿ ವಿಷಯದಲ್ಲಿ ಮ್ಯಾಕ್ರೋಫೇಜ್ ಚಿಕಿತ್ಸೆಯ ಆಧಾರ ಹೆಚ್ಚಿನಂಶ ಇಲಿ, ಮೊಲದ ಮೇಲಿನ ಪ್ರಯೋಗಗಳೇ.

ಇನ್ನೊಂದು ಕೋಶ ಇದೆ, ಟಿ-ರೆಗ್ ಅಂತ. ರೋಗನಿರೋಧಕ ಪಡೆ ಅತಿರೇಕಕ್ಕೆ ಹೋಗದ ಹಾಗೆ ತಡೆಯುವ ಟಿ ಕೋಶ, ಅದೂ ಬಿಳಿಕಣದ ಒಂದು ಬಗೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇದನ್ನು ತೋರಿಸಿಕೊಟ್ಟರು. 2025ರ ವೈದ್ಯಕೀಯ ನೊಬೆಲ್ ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಬಂತು. ನೊಬೆಲ್ ಬಂದ ಮೇಲೆ ಈ ಹೆಸರು ಜಾಹೀರಾತಿಗೂ ಇಳಿಯುತ್ತೆ, ನೋಡುತ್ತಿರಿ. ಟಿ-ರೆಗ್ ಬೆಳೆಸಿ ಕೊಡುವ ಪ್ರಯೋಗಗಳು ಅಂಗಾಂಗ ಕಸಿ, ಟೈಪ್ 1 ಡಯಾಬಿಟಿಸ್ ಕಡೆ ನಡೆದಿವೆ. ಸವೆದ ಮಂಡಿಯ ಮಟ್ಟಿಗೆ ಇದಿನ್ನೂ ಬಾಗಿಲು ತಟ್ಟುತ್ತಿರುವ ವಿಷಯ.

ಮೂರನೆಯದು ಕಾರ್-ಟಿ, ಅಂದರೆ ರೋಗಿಯದ್ದೇ ಟಿ ಕೋಶ ತೆಗೆದು, ಗುರಿಯಿಟ್ಟ ಕೋಶವನ್ನು ಹುಡುಕಿ ಕೊಲ್ಲುವ ಹಾಗೆ ಲ್ಯಾಬಿನಲ್ಲಿ ತಿದ್ದಿದ್ದು. ಇದರ ಹೆಸರು ಎಲ್ಲರಿಗೂ ಕೇಳಿ ಗೊತ್ತಿರಬಹುದು. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು, ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ. ಜರ್ಮನಿಯಲ್ಲಿ, ರೋಗನಿರೋಧಕ ಪಡೆ ತನ್ನ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಯ ಐವರಿಗೆ ಕಾರ್-ಟಿ ಕೊಟ್ಟು ಐವರೂ ಚೇತರಿಸಿಕೊಂಡ ವರದಿ 2022ರಲ್ಲಿ ಬಂತು. "ಕ್ಯಾನ್ಸರೇ ಹೋಗುತ್ತೆ ಅಂದಮೇಲೆ ಮಂಡಿ ನೋವು ಯಾವ ಲೆಕ್ಕ" ಅನ್ನಿಸುತ್ತೆ ಅಲ್ವಾ? ಆದರೆ ಕಾರ್-ಟಿ ಕೊಲ್ಲುವ ಕೋಶ. ಕ್ಯಾನ್ಸರಿನಲ್ಲಿ ಕೊಲ್ಲಬೇಕಾದ ಕೋಶ ಯಾವುದು ಅಂತ ಸ್ಪಷ್ಟ ಇದೆ. ಲೂಪಸ್‌ನಲ್ಲೂ ತಪ್ಪು ಪ್ರತಿಕಾಯ ಮಾಡುವ ಬಿ ಕೋಶ ಕಣ್ಣಿಗೆ ಬೀಳುತ್ತೆ. ಸವೆದ ಮಂಡಿಯಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸಬಹುದಾದ ಶತ್ರು ಇಲ್ಲ. ಅಲ್ಲಿ ಬೇಕಿರೋದು ಸಮಾಧಾನ. ಕಾರ್-ಟಿ ಹೆಸರು ಹೇಳಿ ಯಾರಾದರೂ ಮಂಡಿ ಚಿಕಿತ್ಸೆ ಮಾರಿದರೆ ಅಲ್ಲೇ ಎದ್ದು ಬರಬಹುದು.

ಕೋಶಗಳನ್ನು ಮಂಡಿಗೆ ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಸತ್ತುಹೋಗುತ್ತವೆ. ಲ್ಯಾಬಿನಲ್ಲಿ ರಿಪೇರಿ ಮುಖಕ್ಕೆ ತಿರುಗಿದ ಮ್ಯಾಕ್ರೋಫೇಜ್, ಕೆರಳಿದ ಕೀಲಿನೊಳಗೆ ಹೋದ ಮೇಲೆ ಮತ್ತೆ ಜಗಳದ ಮುಖಕ್ಕೆ ತಿರುಗಬಹುದು. ಸಹವಾಸ ದೋಷ. ಇದೇ ಈ ವಿಜ್ಞಾನದ ಅತಿ ಕಷ್ಟದ ಗಂಟು, ಇದನ್ನು ಬಿಡಿಸಲು ಲ್ಯಾಬುಗಳು ಈಗಲೂ ಒದ್ದಾಡುತ್ತಿವೆ.

ಹಾಗಾದರೆ ನಮ್ಮ ಸುತ್ತಮುತ್ತ ಕೋಶದ ಇಂಜೆಕ್ಷನ್ ಅಂತ ಕೊಡೋದು ಏನು? ಸಾಮಾನ್ಯವಾಗಿ ಮೂರರಲ್ಲಿ ಒಂದು. ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಸಾಂದ್ರ ಮಾಡಿದ ಪಿಆರ್‌ಪಿ. ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ಅಥವಾ ಹೊಟ್ಟೆಯ ಕೊಬ್ಬಿನ ಸಾಂದ್ರ ದ್ರವ. ಇಲ್ಲವೇ ಬೆಳೆಸಿದ ಸ್ಟೆಮ್ ಸೆಲ್. ಇವು ಯಾವುವೂ ರೋಗನಿರೋಧಕ ಕೋಶದ ಚಿಕಿತ್ಸೆ ಅಲ್ಲ. ಆದರೆ ಸ್ಟೆಮ್ ಸೆಲ್ ಕೆಲಸ ಮಾಡಿದರೆ ಅದು ಹೊಸ ಕಾರ್ಟಿಲೇಜ್ ಆಗಿ ಬೆಳೆಯುವುದರಿಂದ ಅಲ್ಲ, ಅಲ್ಲಿನ ಮ್ಯಾಕ್ರೋಫೇಜ್‌ಗಳಿಗೆ ಸಂದೇಶ ಕಳಿಸಿ ತಣ್ಣಗಾಗಿಸುವುದರಿಂದ ಅಂತ ಈಗ ಬಹಳಷ್ಟು ವಿಜ್ಞಾನಿಗಳು ನಂಬುತ್ತಾರೆ. ಸುತ್ತಿ ಬಳಸಿ ಮತ್ತೆ ಅದೇ ಕೋಶಕ್ಕೆ ಬಂದೆವು.

ನಮ್ಮ ಪಕ್ಕದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಿಗೆ 2022ರಲ್ಲಿ ಮಂಡಿ ಸವೆತಕ್ಕೂ ಒಪ್ಪಿಗೆ ಪಡೆಯಿತು. ಅದರ ಮೂರನೇ ಹಂತದ ಪ್ರಯೋಗದಲ್ಲಿ ಇದ್ದವರು 146 ಜನ, ಎರಡು ಮತ್ತು ಮೂರನೇ ಗ್ರೇಡಿನ, ಅಂದರೆ ಇನ್ನೂ ತೀರಾ ಹದಗೆಡದ ಸವೆತದವರು. ನೋವು, ಬಿಗಿತ ಕಮ್ಮಿಯಾಯಿತು. ಕಾರ್ಟಿಲೇಜ್ ಇನ್ನಷ್ಟು ಕೆಡಲಿಲ್ಲ. ಮತ್ತೆ ಬೆಳೆಯಿತು ಅಂತ ಆ ಪ್ರಯೋಗದ ವರದಿ ಹೇಳಿಲ್ಲ. ಇನ್ನೊಂದು ಕಡೆ, 2023ರಲ್ಲಿ ಅಮೆರಿಕದಲ್ಲಿ 475 ಜನರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಮಜ್ಜೆಯ ಸಾಂದ್ರ, ಕೊಬ್ಬಿನ ಕೋಶ, ಹೊಕ್ಕುಳಬಳ್ಳಿಯ ಕೋಶ, ಈ ಮೂರನ್ನೂ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ ಎದುರು ನಿಲ್ಲಿಸಿದರು. ಒಂದು ವರ್ಷದ ನಂತರ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲಾಗಿರಲಿಲ್ಲ. ಒಂದೇ ವಿಷಯಕ್ಕೆ ಎರಡು ಥರದ ಉತ್ತರ. ನನ್ನ ಲೆಕ್ಕದಲ್ಲಿ ಇದರರ್ಥ, ಕೋಶವನ್ನು ಎಲ್ಲಿಂದ ತಂದರು, ಹೇಗೆ ಬೆಳೆಸಿದರು ಅನ್ನುವುದು ತುಂಬಾ ಮುಖ್ಯ. "ಕೋಶ ಚಿಕಿತ್ಸೆ" ಅಂತ ಒಂದೇ ಹೆಸರಲ್ಲಿ ಎಲ್ಲವನ್ನೂ ಕಟ್ಟಿಹಾಕುವ ಹಾಗಿಲ್ಲ.

ಸೀಸೆಯೊಳಗೆ ಏನಿದೆ ಅಂತ ಕೇಳಬೇಕಾದ್ದು ಯಾಕೆ ಅನ್ನುವುದಕ್ಕೆ ಕೊರಿಯಾದ ಕಥೆ ಹೇಳಲೇಬೇಕು. ದಕ್ಷಿಣ ಕೊರಿಯಾದ ಕೋಲಾನ್ ಕಂಪನಿ ಇನ್‌ವೊಸಾ ಎಂಬ ಮಂಡಿ ಇಂಜೆಕ್ಷನ್ ಮಾಡಿತ್ತು. ಅದರಲ್ಲಿ ಎರಡು ಬಗೆಯ ಕೋಶ. ಒಂದು ಮಾಮೂಲಿ ಕಾರ್ಟಿಲೇಜ್ ಕೋಶ. ಇನ್ನೊಂದು, ಟಿಜಿಎಫ್ ಬೀಟಾ ಎಂಬ ಬೆಳವಣಿಗೆಯ ಪ್ರೋಟೀನ್ ಸುರಿಸುವ ಹಾಗೆ ಜೀನ್ ಸೇರಿಸಿದ ಕೋಶ. ಅದೂ ಕಾರ್ಟಿಲೇಜಿನದ್ದೇ ಅಂತ ಕಾಗದದಲ್ಲಿ ಇತ್ತು. ಈ ಇಂಜೆಕ್ಷನ್ ಮಂಡಿಯ ಮ್ಯಾಕ್ರೋಫೇಜ್‌ಗಳನ್ನು ರಿಪೇರಿ ಮುಖಕ್ಕೆ ತಿರುಗಿಸುತ್ತೆ ಅನ್ನುವುದು ಅವರ ವಿವರಣೆ. 2017ರ ಜುಲೈನಲ್ಲಿ ಕೊರಿಯಾ ಸರ್ಕಾರ ಒಪ್ಪಿಗೆ ಕೊಟ್ಟಿತು. ಮೂರು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು.

2019ರಲ್ಲಿ ಕೋಶಗಳ ಗುರುತು ಪರೀಕ್ಷೆ ಮಾಡಿದಾಗ ಎರಡನೇ ಕೋಶ ಕಾರ್ಟಿಲೇಜಿನದ್ದು ಅಲ್ಲವೇ ಅಲ್ಲ ಅಂತ ಗೊತ್ತಾಯಿತು. ಅದು ಕಿಡ್ನಿಯ ಕೋಶ. ವೈರಸ್ ತಯಾರಿಸಲು ಲ್ಯಾಬುಗಳಲ್ಲಿ ಬಳಸುವ, ಎಂದೋ ಮಾನವ ಭ್ರೂಣದ ಕಿಡ್ನಿಯಿಂದ ಬಂದ 293 ಎಂಬ ಹಳೆಯ ಕೋಶವಂಶದ್ದು. ಅಂಥ ಕೋಶ ಕೊನೆಯಿಲ್ಲದೆ ಹೆಚ್ಚುತ್ತಾ ಹೋಗಬಲ್ಲದು, ಹಾಗಾಗಿ ಗೆಡ್ಡೆಯ ಭಯ ಇದ್ದೇ ಇದೆ. ಕೊಡುವ ಮೊದಲು ವಿಕಿರಣ ಹಾಯಿಸಿ ಅವು ಹೆಚ್ಚದ ಹಾಗೆ ಮಾಡಿದ್ದೇವೆ ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಜುಲೈನಲ್ಲೇ ಲೈಸೆನ್ಸ್ ರದ್ದಾಯಿತು. ಅಮೆರಿಕದಲ್ಲಿ ನಡೆಯುತ್ತಿದ್ದ ಪ್ರಯೋಗಕ್ಕೂ ತಡೆ ಬಿತ್ತು. ಆಶ್ಚರ್ಯ ಅಂದರೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ತಡೆ ತೆಗೆಯಿತು. ಕೋಶ ಯಾವುದು ಅಂತ ಈಗ ಸರಿಯಾಗಿ ಬರೆದಿದ್ದೀರಿ, ಎಚ್ಚರದಿಂದ ಮುಂದುವರಿಸಿ ಅನ್ನುವ ಅರ್ಥದಲ್ಲಿ. ಹೊಸ ಹೆಸರಿನಲ್ಲಿ ಸಾವಿರದಷ್ಟು ಜನರ ಮೇಲೆ ಮೂರನೇ ಹಂತದ ಪ್ರಯೋಗ ಮತ್ತೆ ಶುರುವಾಯಿತು.

ಲೈಸೆನ್ಸ್ ಇರುವ ಕಂಪನಿ, ಸರ್ಕಾರದ ಮುದ್ರೆ, ಅಷ್ಟೊಂದು ವರ್ಷದ ಪರೀಕ್ಷೆ ಇದ್ದೂ ಹೀಗಾಯಿತು. ಯಾವ ಮುದ್ರೆಯೂ ಇಲ್ಲದ, ಮಹಡಿ ಮೇಲಿನ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಸೀಸೆಯೊಳಗೆ ಏನಿದೆ ಅಂತ ಯಾರು ನೋಡಿದವರು? 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಇಲ್ಲದ ಹೊಕ್ಕುಳಬಳ್ಳಿ ರಕ್ತದ ಇಂಜೆಕ್ಷನ್ ತಗೊಂಡ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು. ಕೀಲಿಗೆ ಕೀವು ತುಂಬಿದರೆ ಸವೆತಕ್ಕೆ ವರ್ಷಗಟ್ಟಲೆ ಹಿಡಿಯುವ ಹಾಳಾಗುವಿಕೆ ಕೆಲವೇ ದಿನದಲ್ಲಿ ಆಗಿಬಿಡುತ್ತೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ.

"ಆದರೆ ನಮ್ಮ ಪಕ್ಕದ ಮನೆಯವರಿಗೆ ಇಂಜೆಕ್ಷನ್ನಿಂದ ವಾಸಿ ಆಯ್ತಲ್ಲ?" ಆಗಿರಬಹುದು, ಅವರು ಸುಳ್ಳು ಹೇಳುತ್ತಿಲ್ಲ. ಮಂಡಿಗೆ ಬರೀ ಉಪ್ಪುನೀರು ಚುಚ್ಚಿದರೂ ನೋವು ಇಳಿಯುತ್ತೆ. ಆಸ್ಟ್ರೇಲಿಯಾದಲ್ಲಿ 288 ಜನರಿಗೆ ಪಿಆರ್‌ಪಿ ಅಥವಾ ಉಪ್ಪುನೀರು ಕೊಟ್ಟು, ಯಾರಿಗೆ ಯಾವುದು ಅಂತ ಹೇಳದೆ ಒಂದು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಹನ್ನೊಂದು ಹಂತದ ನೋವಿನ ಅಳತೆಯಲ್ಲಿ ಪಿಆರ್‌ಪಿಯವರಿಗೆ 2.1 ಇಳಿದಿತ್ತು, ಉಪ್ಪುನೀರಿನವರಿಗೆ 1.8. ಲೆಕ್ಕಕ್ಕೆ ಬರುವ ವ್ಯತ್ಯಾಸ ಅಲ್ಲ ಅದು. ಮಂಡಿ ನೋವು ತಾನಾಗಿ ಏರಿ ಇಳಿಯುತ್ತೆ. ನಾವು ಡಾಕ್ಟರ ಹತ್ತಿರ ಓಡೋದು ಏರಿದಾಗ. ಆಮೇಲೆ ಇಳಿಯಲೇಬೇಕಲ್ಲ. ಹಾಗಂತ ಸ್ಟೀರಾಯ್ಡ್ ಪದೇಪದೇ ಚುಚ್ಚಿಸಿಕೊಳ್ಳುವುದೂ ಸರಿಯಲ್ಲ. ಎರಡು ವರ್ಷ ಹನ್ನೆರಡು ವಾರಕ್ಕೊಮ್ಮೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಕಾರ್ಟಿಲೇಜ್ ಉಪ್ಪುನೀರಿನವರಿಗಿಂತ ಜಾಸ್ತಿ ಕರಗಿತ್ತು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಮಂಡಿ ನೋವೆಲ್ಲ ಸವೆತ ಅಲ್ಲ. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಪಾವಗಡದ ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಿಯಮ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಗಡುಸಾಗುತ್ತೆ, ಕಟ್ಟುಗಳು ಸುಣ್ಣಗಟ್ಟುತ್ತವೆ, ಬೆನ್ನು, ಮಂಡಿ ಬಿಗಿಯುತ್ತವೆ. ಇದಕ್ಕೆ ಯಾವ ಕೋಶ ಚುಚ್ಚಿದರೂ ಪ್ರಯೋಜನ ಇಲ್ಲ, ನೀರು ಬದಲಾಗಬೇಕು. ಮನೆಯಲ್ಲಿ ಹಲವರಿಗೆ ಬೆನ್ನು ಬಗ್ಗದು, ಹಲ್ಲಿನ ಮೇಲೆ ಕಂದು ಕಲೆ ಇದೆ ಅಂದರೆ ಮೊದಲು ನೀರು ಪರೀಕ್ಷೆ ಮಾಡಿಸಿ.

ಚಿಕೂನ್‌ಗುನ್ಯಾ ಇನ್ನೊಂದು. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದ ಆ ವರ್ಷವನ್ನು ಇಲ್ಲಿ ಯಾರೂ ಮರೆತಿಲ್ಲ. "ಆ ಜ್ವರ ಬಂದಾಗಿಂದ ಹಿಡಿದಿದ್ದು" ಅಂತ ಇವತ್ತಿಗೂ ಹೇಳುವವರಿದ್ದಾರೆ. ಆ ವೈರಸ್ ಬಿಟ್ಟುಹೋದ ಕೀಲುನೋವು ತಿಂಗಳು, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತೆ. ಅದು ಸವೆತಕ್ಕಿಂತ ಬೇರೆ ಕಥೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆಗೂ ಮೀರಿ ಬಿಗಿದಿದ್ದರೆ, ಎರಡೂ ಕೈಯ ಗಿಣ್ಣು ಊದಿದ್ದರೆ ಆಮವಾತದ ರಕ್ತಪರೀಕ್ಷೆ ಬೇಕು. ಅದಕ್ಕೆ ಈಗಾಗಲೇ ಒಳ್ಳೆಯ ಮಾತ್ರೆಗಳಿವೆ, ತಡ ಮಾಡಿದಷ್ಟೂ ನಷ್ಟ.

ಇಷ್ಟಾದ ಮೇಲೂ ಯಾರಾದರೂ ಕೋಶದ ಇಂಜೆಕ್ಷನ್ ಬಗ್ಗೆ ಮಾತಾಡಿದರೆ ಏನು ಕೇಳಬೇಕು? ಕೋಶ ಯಾವುದು, ಯಾರದ್ದು, ಎಲ್ಲಿ ಬೆಳೆಸಿದ್ದು ಅಂತ ಕೇಳಿ. ಒಪ್ಪಿಗೆ ಪಡೆದ ಔಷಧಿಯಾ, ಪ್ರಯೋಗವಾ ಅಂತ ಕೇಳಿ. ಎರಡರಲ್ಲಿ ಒಂದಾಗಿರಲೇಬೇಕು. ಔಷಧಿ ಆಗಿದ್ದರೆ ಪೆಟ್ಟಿಗೆಯ ಮೇಲೆ ಹೆಸರು, ಬ್ಯಾಚು, ಲೈಸೆನ್ಸ್ ನಂಬರ್ ಇರುತ್ತೆ. ಪ್ರಯೋಗ ಆಗಿದ್ದರೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಅದರ ವಿವರ ಇರಬೇಕು. 2009ರ ಜೂನ್‌ನಿಂದ ಅದು ಕಡ್ಡಾಯ, ಯಾರು ಬೇಕಾದರೂ ಫೋನಿನಲ್ಲೇ ತೆರೆದು ನೋಡಬಹುದು. ಮತ್ತೆ, ಪ್ರಯೋಗ ಅಂದ ಮೇಲೆ ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ನೀತಿ. ಅದರಿಂದ ತೊಂದರೆಯಾದರೆ ಪರಿಹಾರ ಕೊಡಬೇಕು ಅಂತ 2019ರ ನಿಯಮ ಇದೆ. "ಪ್ರಯೋಗ, ಎರಡು ಲಕ್ಷ ಕಟ್ಟಿ" ಅಂದರೆ ಅದು ಪ್ರಯೋಗ ಅಲ್ಲ, ವ್ಯಾಪಾರ.

ಕೋಶ ಬರೋವರೆಗೆ ಮಾಡೋದೇನು ಅಂದರೆ ಉತ್ತರ ಬೇಜಾರು ತರಿಸುವಂಥದ್ದು, ಯಾಕೆಂದರೆ ಅದರಲ್ಲಿ ಹೊಸತೇನೂ ಇಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಬೇಕು. ಕುರ್ಚಿಯ ಮೇಲೆ ಕೂತು ಕಾಲು ನೇರ ಚಾಚಿ, ಸ್ವಲ್ಪ ಹೊತ್ತು ಹಿಡಿದು, ನಿಧಾನಕ್ಕೆ ಇಳಿಸೋದು. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಹೆಚ್ಚಿನವರು ಒಂದು ವಾರ ಮಾಡಿ ಬಿಡುತ್ತಾರೆ, ತೊಂದರೆ ಇರೋದು ಅಲ್ಲೇ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತೆ. ಕೊಬ್ಬು ಕೂಡ ಉರಿಯೂತದ ರಾಸಾಯನಿಕ ಸುರಿಸುತ್ತೆ, ಹಾಗಾಗಿ ತೂಕ ಇಳಿಸೋದು ಒಂದು ಲೆಕ್ಕದಲ್ಲಿ ರೋಗನಿರೋಧಕ ಚಿಕಿತ್ಸೆಯೇ. ಹಾಲು ಕರೆಯಲು ಎತ್ತರದ ಸ್ಟೂಲು, ಮನೆಗೆ ಕಮೋಡು, ಸೊಪ್ಪು ಕತ್ತರಿಸಲು ಕಟ್ಟೆ, ಇವು ಇಂಜೆಕ್ಷನ್ನಿಗಿಂತ ಅಗ್ಗ.

ಕಾಲು ಬಿಲ್ಲಿನಂತೆ ಬಾಗಿ, ಮೂಳೆಗೆ ಮೂಳೆ ತಾಗುವ ನಾಲ್ಕನೇ ಗ್ರೇಡಿಗೆ ಹೋದವರ ವಿಷಯ ಬೇರೆ. ಬಾಗಿದ ಮೂಳೆಯನ್ನು ನೇರ ಮಾಡುವ ಕೋಶ ಇಲ್ಲ, ಮುಂದೆ ಬಂದರೂ ಅವರಿಗೆ ಅಲ್ಲ. ಅವರಿಗೆ ಮಂಡಿ ಬದಲಿಸುವ ಆಪರೇಷನ್ನೇ ದಾರಿ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿನ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ ನಿಗದಿಯಾದ ಬೆಲೆ 54,720 ರೂಪಾಯಿ, ತೆರಿಗೆ ಬೇರೆ. ಬಿಲ್ಲಿನಲ್ಲಿ ಇಂಪ್ಲಾಂಟಿನ ಕಂಪನಿ, ಬ್ಯಾಚ್ ನಂಬರ್ ಬರೆಯಲೇಬೇಕು. ಕೇಳಿ ಪಡೆಯಿರಿ, ಅದರ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದದ ಜೊತೆ ಇಟ್ಟುಕೊಳ್ಳಿ.